ಅಡಿಕೆ ರೇಟು ಬಿದ್ದರೆ ದೇವರ ಮನಸ್ಸೂ ಬೀಳುತ್ತದಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಮಾತಾಡುವಾಗ ಹಾರಿಹೋದದ್ದನ್ನು ಸೇರಿಸಿದ್ದೇನೆ, ಮೈಕ್ ಕೈಕೊಟ್ಟಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಉಂಟು.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಶೀಟಿನ ಮೇಲೆ ಮಳೆ ಬಿದ್ದರೆ ನನ್ನ ಸ್ವರ ಮೂರನೇ ಬೆಂಚಿನಿಂದ ಆಚೆಗೆ ಹೋಗುವುದಿಲ್ಲ.

ನನಗೆ ಕೊಟ್ಟ ವಿಷಯ 'ಬದಲಾಗದ ದೇವರು'. ಸುಲಭದ ವಿಷಯ ಅಲ್ವಾ? ಆಮೆನ್ ಅಂದರೆ ಮುಗಿಯಿತು, ಚಾ ಕುಡಿದು ಮನೆಗೆ ಹೋಗಬಹುದು. ಆದರೆ ನಾವು ದಿನಾ ಮಾತಾಡುವುದನ್ನು ಸ್ವಲ್ಪ ಕೇಳಿ ನೋಡಿ. ಮಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು, ದೇವರು ದೊಡ್ಡವನು. ವೀಸಾ ರದ್ದಾಯಿತು, ದೇವರು ಯಾಕೋ ನಮ್ಮನ್ನು ಮರೆತಿದ್ದಾನೆ. ಮಂಗಳೂರಿನ ಡಾಕ್ಟರು ರಿಪೋರ್ಟ್ ನೋಡಿ ಏನೂ ಇಲ್ಲ ಅಂದರು, ಸ್ತೋತ್ರ. ಇನ್ನೊಂದು ಸ್ಕ್ಯಾನ್ ಮಾಡಿಸಿ ಅಂದರು, ನಾವೆಂತ ಪಾಪ ಮಾಡಿದ್ದೇವೋ. ಬಾಯಲ್ಲಿ ಆತ ಬದಲಾಗದವನು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅಡಿಕೆ ರೇಟಿನ ಹಾಗೆ ವಾರಕ್ಕೊಂದು ಸಲ ಏರಿ ಇಳಿಯುತ್ತಾನೆ.

ಹೀಗೆ ಮಾಡಿದವರಲ್ಲಿ ನಾವು ಮೊದಲನೆಯವರೇನೂ ಅಲ್ಲ. ಮಲಾಕಿಯನ ಪುಸ್ತಕ ತೆಗೆಯಿರಿ. ಹಳೆಯ ಒಡಂಬಡಿಕೆಯ ಕೊನೆಗೆ ಉಂಟು, ನಾಲ್ಕೇ ಅಧ್ಯಾಯ. 'ಕರ್ತನಾದ ನಾನು ಮಾರ್ಪಟ್ಟಿಲ್ಲ' ಎನ್ನುವ ಮಾತು ಅಲ್ಲಿಯದ್ದು, 3ನೇ ಅಧ್ಯಾಯ 6ನೇ ವಚನ. ಅದನ್ನು ಕ್ಯಾಲೆಂಡರಿನಲ್ಲಿ ಗುಲಾಬಿ ಹೂವಿನ ಕೆಳಗೆ ಎಷ್ಟೋ ಸಲ ನೋಡಿದ್ದೇವೆ. ಅದನ್ನು ಕೇಳಿಸಿಕೊಂಡ ಜನ ಯಾವ ಸ್ಥಿತಿಯಲ್ಲಿದ್ದರು ಗೊತ್ತುಂಟಾ? ಬಾಬೆಲಿನ ಸೆರೆಯಿಂದ ಊರಿಗೆ ಮರಳಿದ್ದಾಗಿತ್ತು. ಕ್ರಿ.ಪೂ. 515ರ ಸುಮಾರಿಗೆ ದೇವಾಲಯವನ್ನೂ ಮತ್ತೆ ಕಟ್ಟಿ ಮುಗಿಸಿದ್ದರು. ಇನ್ನು ಒಳ್ಳೆಯ ದಿನ ಬರುತ್ತದೆ ಅಂತ ಕಾದರು. ಬರಲಿಲ್ಲ. ಆಳುವವರು ಪರ್ಷಿಯಾದವರು, ಹೊಲಕ್ಕೆ ಹುಳ, ದ್ರಾಕ್ಷೆ ಬಳ್ಳಿಯಲ್ಲಿ ಕಾಯಿ ನಿಲ್ಲುವುದಿಲ್ಲ. ಜನ ಎದುರು ಮಾತಾಡಲು ಶುರು ಮಾಡಿದರು. ನಮ್ಮನ್ನು ಪ್ರೀತಿಸಿದ್ದೇನೆ ಅಂತೀಯಲ್ಲ, ಎಲ್ಲಿ? ನಿನ್ನ ಸೇವೆ ಮಾಡಿ ನಮಗೆ ಸಿಕ್ಕಿದ್ದಾದರೂ ಎಂತ?

ಆಗ ಬಂದ ಉತ್ತರ ಅದು. ನಾನು ಬದಲಾಗಿಲ್ಲ, ಅದಕ್ಕೇ ನೀವು ಇನ್ನೂ ನಾಶವಾಗದೆ ಉಳಿದಿದ್ದೀರಿ. ಬೆನ್ನು ತಟ್ಟಿ ಹೇಳಿದ ಮಾತಲ್ಲ ಇದು, ಬೈಗುಳದ ಮಧ್ಯದಲ್ಲಿ ಬಂದದ್ದು. ಹಿಂದಿನ ವಚನದಲ್ಲಿ ಕೂಲಿಯವನ ಸಂಬಳ ಹಿಡಿದಿಟ್ಟವರನ್ನು, ವಿಧವೆಯರನ್ನು, ತಂದೆಯಿಲ್ಲದ ಮಕ್ಕಳನ್ನು, ಪರದೇಶಿಗಳನ್ನು ಹಿಂಸಿಸಿದವರನ್ನು ತರಾಟೆಗೆ ತೆಗೆದುಕೊಂಡಿದ್ದಾನೆ. ನಮ್ಮ ತೋಟಕ್ಕೆ ಬರುವ ಕೆಲಸದವರಿಗೆ ಶನಿವಾರ ಸಂಜೆ ದುಡ್ಡು ಕೊಡುವಾಗ ಈ ವಚನ ನೆನಪಾಗುತ್ತದಾ? ಇಲ್ಲ, ಯಾಕೆಂದರೆ ಕ್ಯಾಲೆಂಡರಿನವರು 6ನೇ ವಚನ ಮಾತ್ರ ಹಾಕುತ್ತಾರೆ, 5ನೆಯದನ್ನು ಹಾಕುವುದಿಲ್ಲ.

ಜನ ಕೇಳಿದ್ದು ಬೆಳೆ, ಆತ ಮಾತಾಡಿದ್ದು ತನ್ನ ಸ್ವಭಾವ. ಬೆಳೆಯ ವಿಷಯವೂ ಮುಂದೆ ಬರುತ್ತದೆ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಮೊದಲು ಹೇಳಿದ್ದು ನಾನು ಯಾರು ಎನ್ನುವುದನ್ನು. ನಾನಿವತ್ತು ಹೇಳಬೇಕೆಂದಿರುವುದೂ ಇಷ್ಟೇ: ನಮ್ಮ ಪರಿಸ್ಥಿತಿಯನ್ನು ನೋಡಿ ದೇವರ ಮನಸ್ಸನ್ನು ಊಹಿಸುವ ಅಭ್ಯಾಸ ಬಿಡೋಣ. ಆತ ತನ್ನ ಬಗ್ಗೆ ಹೇಳಿಕೊಂಡದ್ದನ್ನು, ಮಾಡಿ ತೋರಿಸಿದ್ದನ್ನು ನೋಡಿ ನಂಬೋಣ.

ಹೇಳುವುದು ಸುಲಭ. ನನಗೂ ಸ್ವಲ್ಪ ಅಡಿಕೆ ತೋಟ ಉಂಟು, ಕೊಳೆರೋಗ ಎಂದರೆ ಎಂತ ಅಂತ ಗೊತ್ತು. ಮಳೆ ಹಿಡಿಯುವ ಮೊದಲೇ ಮದ್ದು ಬಿಡಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಿ ಸೇರಿಸಬೇಕು, ಆಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ ಲೆಕ್ಕ. ಅದೆಲ್ಲ ಸರಿಯಾಗಿ ಮಾಡಿ, ಮರ ಹತ್ತುವವರನ್ನು ಕಾಡಿ ಬೇಡಿ ಕರೆತಂದು, ಒಂದು ಸುತ್ತು ಮದ್ದು ಬಿಟ್ಟು, ಎರಡನೇ ಸುತ್ತಿಗೆ ಬಿಸಿಲು ಬರಲಿ ಅಂತ ಕಾಯುತ್ತಾ ಕೂತಿರುತ್ತೇವೆ, ಬಿಸಿಲೇ ಬರುವುದಿಲ್ಲ. ಬೆಳಗ್ಗೆ ಎದ್ದು ತೋಟಕ್ಕೆ ಹೋದರೆ ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದಿರುತ್ತದೆ. ಹೊಳಪು ಹೋಗಿ, ನೀರು ಕುಡಿದ ಹಾಗೆ ಮೆತ್ತಗಾಗಿ, ಮೇಲೆ ಬಿಳಿ ಬೂಸ್ಟು. ಕಾಲಿನಿಂದ ಸರಿಸಿಕೊಂಡು ನಡೆಯಬೇಕು. ಆ ಹೊತ್ತಿನಲ್ಲಿ 'ದೇವರು ಒಳ್ಳೆಯವನು' ಎನ್ನುವ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಪ್ರವಾದಿ ಹಬಕ್ಕೂಕನಿಗೆ ಅಡಿಕೆ ಗೊತ್ತಿರಲಿಕ್ಕಿಲ್ಲ. ಆದರೆ ಅವನ ಪಟ್ಟಿ ನೋಡಿ. ಅಂಜೂರ ಚಿಗುರದಿದ್ದರೂ, ದ್ರಾಕ್ಷೆಯಲ್ಲಿ ಹಣ್ಣಿಲ್ಲದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲದಲ್ಲಿ ಊಟಕ್ಕೆ ಏನೂ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ ದನ ಒಂದೂ ಉಳಿಯದಿದ್ದರೂ. ಒಂದೊಂದಾಗಿ ಎಣಿಸುತ್ತಾನೆ, ಬ್ಯಾಂಕಿನವರಿಗೆ ಸಾಲದ ಅರ್ಜಿ ಬರೆಯುವವನ ಹಾಗೆ. ಎಲ್ಲ ಎಣಿಸಿ ಆದ ಮೇಲೆ, ಆದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ನಷ್ಟವನ್ನು ನಷ್ಟ ಅಂತಲೇ ಹೇಳಿದ, ಮರೆಮಾಚಲಿಲ್ಲ. ನಮ್ಮಲ್ಲಿ ಸಾಕ್ಷಿ ಹೇಳುವವರು ಕೆಲವೊಮ್ಮೆ ನಷ್ಟವನ್ನೇ ಲಾಭ ಅಂತ ಹೇಳಿಬಿಡುತ್ತಾರೆ. ಹಬಕ್ಕೂಕ ಹಾಗೆ ಮಾಡಲಿಲ್ಲ. ಪುಸ್ತಕದ ಮೊದಲ ಮಾತೇ 'ಎಷ್ಟು ಕಾಲ ಕೂಗಬೇಕು, ನೀನು ಕೇಳುವುದೇ ಇಲ್ಲವಲ್ಲ' ಎಂಬ ದೂರು.

ಇಲ್ಲಿ ಸ್ವಲ್ಪ ಅಡ್ಡ ಹೋಗುತ್ತೇನೆ. ಹೊಸ ವರ್ಷದ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡು ಎತ್ತುವ ಪದ್ಧತಿ ಹಲವು ಸಭೆಗಳಲ್ಲಿ ಉಂಟು. ಬುಟ್ಟಿಗೆ ಕೈ ಹಾಕಿ ಒಂದು ಚೀಟಿ ತೆಗೆಯುವುದು, ಅದರಲ್ಲಿದ್ದ ವಚನ ಆ ವರ್ಷಕ್ಕೆ ನಮ್ಮದು. ನಾನು ಅದರ ವಿರೋಧಿ ಅಲ್ಲ, ವಚನ ಮನೆಗೆ ಹೋದರೆ ಒಳ್ಳೆಯದೇ. ಆದರೆ ಬುಟ್ಟಿಯಲ್ಲಿ ಪ್ರಲಾಪಗಳ 3ನೇ ಅಧ್ಯಾಯದ 22, 23 ಸಿಗುತ್ತದೆ, ಕೃಪೆ ಮುಗಿದುಹೋಗಿಲ್ಲ, ಪ್ರತಿ ಮುಂಜಾನೆ ಹೊಸದಾಗಿ ಬರುತ್ತದೆ ಅಂತ. ಅದೇ ಅಧ್ಯಾಯದ 8ನೇ ವಚನ ಯಾರಿಗೂ ಬರುವುದಿಲ್ಲ. ನಾನು ಮೊರೆಯಿಟ್ಟರೂ ಆತ ನನ್ನ ಪ್ರಾರ್ಥನೆಗೆ ಬಾಗಿಲು ಮುಚ್ಚಿದ್ದಾನೆ ಎನ್ನುವುದು ಅದು. ಎರಡನ್ನೂ ಬರೆದದ್ದು ಒಂದೇ ಕೈ. ಯೆರೂಸಲೇಮು ಸುಟ್ಟು ಬೂದಿಯಾಗಿತ್ತು, ಹಸಿವೆಯಿಂದ ಮಕ್ಕಳು ಬೀದಿಯಲ್ಲಿ ಬೀಳುತ್ತಿದ್ದರು, ಆ ಬೂದಿಯ ಮೇಲೆ ಕೂತು ಬರೆದ ಮಾತುಗಳು ಅವು. ಆ ಪುಸ್ತಕ ಮುಗಿಯುವುದೂ ಆಮೆನ್‌ನಲ್ಲಿ ಅಲ್ಲ. ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಎನ್ನುವ ಹಾಗೆ ಮುಗಿಯುತ್ತದೆ. ಆ ಎರಡು ವಚನ ಹೂವಿನ ಚಿತ್ರದ ಜೊತೆ ಬಂದರೆ ತೂಕ ಕಮ್ಮಿಯಾಗುತ್ತದೆ ಅಂತ ನನ್ನ ಅಭಿಪ್ರಾಯ.

ಸರಿ. ಆತನ ಸ್ವಭಾವ ಎಂದರೆ ಯಾವುದು? ವಿಮೋಚನಕಾಂಡ 34ರಲ್ಲಿ ಆತನೇ ಹೇಳಿಕೊಂಡಿದ್ದಾನೆ. ಅದನ್ನು ಹೇಳಿದ ಸಮಯವನ್ನೂ ನೋಡಬೇಕು. ಜನ ಚಿನ್ನದ ಕರು ಮಾಡಿ ಕುಣಿದಾಗಿತ್ತು. ಮೋಶೆ ಕಲ್ಲಿನ ಹಲಗೆ ಒಡೆದಾಗಿತ್ತು. ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ಮತ್ತೆ ಎರಡು ಹಲಗೆ ಕೆತ್ತಿಕೊಂಡು ಬೆಟ್ಟ ಹತ್ತು ಎಂದ. ಅಲ್ಲಿ ಮೋಶೆಯ ಎದುರು ಹಾದುಹೋಗುತ್ತಾ ಹೇಳಿದ್ದು: ಕನಿಕರ, ದಯೆ, ಬೇಗ ಸಿಟ್ಟಾಗದಿರುವುದು, ತುಂಬಿ ತುಳುಕುವ ಪ್ರೀತಿ, ನಂಬಿಕೆಗೆ ಯೋಗ್ಯತೆ, ಸಾವಿರ ತಲೆಮಾರಿನವರೆಗೂ ಕೃಪೆ, ಅಪರಾಧದ ಕ್ಷಮೆ. ಜೊತೆಗೆ ಇನ್ನೊಂದು, ಅಪರಾಧಿಯನ್ನು ಸುಮ್ನೆ ಬಿಟ್ಟುಬಿಡುವುದಿಲ್ಲ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಈ ಮಾತು ಆಮೇಲೆ ಬೈಬಲಿನ ತುಂಬ ಓಡಾಡುತ್ತದೆ. ಅರಣ್ಯಕಾಂಡ 14ರಲ್ಲಿ ಜನ ಮತ್ತೆ ತಿರುಗಿ ಬಿದ್ದಾಗ ಮೋಶೆ ಅದನ್ನೇ ಎತ್ತಿಕೊಂಡು ದೇವರ ಎದುರು ವಾದ ಮಾಡುತ್ತಾನೆ, ನೀನೇ ಹೇಳಿದ್ದಲ್ಲವಾ ಅಂತ. ಕೀರ್ತನೆ 86, 103, 145ರಲ್ಲಿ ಉಂಟು. ಯೋವೇಲನಲ್ಲಿ ಮಿಡತೆ ಹೊಲ ತಿಂದು ಹಾಕಿದ ಮೇಲೆ ಬರುತ್ತದೆ. ಸೆರೆಯಿಂದ ಬಂದವರು ನೆಹೆಮೀಯ 9ರಲ್ಲಿ ನಿಂತು ಅದನ್ನೇ ಹೇಳುತ್ತಾರೆ. ಕಾಲ ಬದಲಾಯಿತು, ರಾಜರು ಬದಲಾದರು, ದೇವಾಲಯ ಒಂದು ಬಿದ್ದು ಇನ್ನೊಂದು ಎದ್ದಿತು. ಮಾತು ಅದೇ.

ಆದರೆ ಅದನ್ನು ಸಿಟ್ಟಿನಿಂದ ಹೇಳಿದವನು ಒಬ್ಬನಿದ್ದಾನೆ. ಯೋನ.

ಯೋನನ ಕತೆ ಎಲ್ಲರಿಗೂ ಗೊತ್ತು, ನಿನೆವೆಗೆ ಹೋಗಿ ಎಚ್ಚರಿಸು ಅಂತ ದೇವರು ಕಳಿಸಿದರೆ ಬೇರೆ ಕಡೆಗೆ ಓಡಿದ ಪ್ರವಾದಿ, ಮೀನಿನ ಹೊಟ್ಟೆ. ಆದರೆ ಅವನು ಓಡಿಹೋದದ್ದು ಯಾಕೆ ಎನ್ನುವುದನ್ನು ಅವನೇ ಹೇಳುವುದು 4ನೇ ಅಧ್ಯಾಯದಲ್ಲಿ. ನಿನೆವೆ ಅಶ್ಶೂರರ ಊರು. ಅಶ್ಶೂರರು ಎಂದರೆ ಇಸ್ರಾಯೇಲರಿಗೆ ಎದೆ ನಡುಗುವ ಹೆಸರು. ಕ್ರಿ.ಪೂ. 722ರ ಹೊತ್ತಿಗೆ ಉತ್ತರದ ರಾಜ್ಯವನ್ನೇ ಅಳಿಸಿಹಾಕಿದವರು. ಆ ಊರು ಗೋಣಿತಟ್ಟು ಉಟ್ಟು ಉಪವಾಸ ಮಾಡಿತು, ದೇವರು ಶಿಕ್ಷೆ ಕೈಬಿಟ್ಟ. ಯೋನನಿಗೆ ಮೈ ಉರಿದುಹೋಯಿತು. ಅವನು ಹೇಳುವುದು ಕೇಳಿ. ನನಗೆ ಗೊತ್ತಿತ್ತು, ನೀನು ಕನಿಕರದವನು, ದಯೆಯವನು, ಬೇಗ ಸಿಟ್ಟಾಗದವನು, ಅದಕ್ಕೇ ನಾನು ತಾರ್ಷೀಷಿಗೆ ಓಡಿದ್ದು! ಅದೇ ಬೆಟ್ಟದ ಮೇಲಿನ ಮಾತು, ಹೆಚ್ಚುಕಡಿಮೆ ಹಾಗೇ. ಮೋಶೆ ಅದನ್ನು ಹೇಳಿ ತನ್ನ ಜನರನ್ನು ಉಳಿಸಿಕೊಂಡ, ಯೋನ ಅದನ್ನೇ ದೂರಾಗಿ ಹೇಳಿದ.

ಯೋನನ ಸಿದ್ಧಾಂತದಲ್ಲಿ ತಪ್ಪಿಲ್ಲ. ದೇವರು ಬದಲಾಗುವುದಿಲ್ಲ ಅಂತ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಕಷ್ಟ ಎಂದರೆ, ಗಡಿ ದಾಟಿದ ಮೇಲೂ ದೇವರು ಬದಲಾಗಲಿಲ್ಲ. ನಮ್ಮವರ ಕಡೆ ಹೇಗೋ ನಿನೆವೆಯವರ ಕಡೆಯೂ ಹಾಗೇ ಇದ್ದ. ಗಡಿನಾಡಿನವರಾದ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದರ ನೋವು ನಮ್ಮ ಹಿರಿಯರಲ್ಲಿ ಇನ್ನೂ ಉಂಟು. ಮಕ್ಕಳ ಶಾಲೆಗೆ ಕನ್ನಡ ಗೊತ್ತಿಲ್ಲದ ಮಾಸ್ಟ್ರನ್ನು ಹಾಕಿದರೆ, ಕಚೇರಿಯಲ್ಲಿ ಕನ್ನಡದ ಅರ್ಜಿ ತೆಗೆದುಕೊಳ್ಳದಿದ್ದರೆ, ಸಿಟ್ಟು ಬರುತ್ತದೆ, ಬರಬೇಕು, ಹಕ್ಕು ಕೇಳಬೇಕು. ಆದರೆ ಆ ಕಚೇರಿಯ ಮೇಜಿನ ಆಚೆ ಕೂತ ಮನುಷ್ಯನಿಗೂ ದೇವರು ಬೇಗ ಸಿಟ್ಟಾಗದವನೇ. ಅದನ್ನು ಕೇಳಿದಾಗ ನಮ್ಮ ಮುಖ ಯೋನನ ಮುಖ ಆಗುತ್ತದಾ ನೋಡಿಕೊಳ್ಳಿ. ಗಡಿಯೇ ಬೇಡ, ತೋಟದ ಬೇಲಿ ಸಾಕು. ಕಂದಾಯದ ನಕ್ಷೆಯಲ್ಲಿ ಎರಡು ಅಡಿ ಒಳಗೆ ಬಂದ ನೆರೆಯವನ ಹೆಸರು ನಮ್ಮ ಪ್ರಾರ್ಥನೆಯಲ್ಲಿ ಹೇಗೆ ಬರುತ್ತದೆ? ಬರುವುದೇ ಇಲ್ಲ, ಅಲ್ವಾ?

ಇಲ್ಲಿ ಒಬ್ಬರು ಚೀಟಿ ಕಳಿಸಿದರು, ಅದಕ್ಕೆ ಆಗಲೇ ಉತ್ತರ ಹೇಳಿದೆ, ಇಲ್ಲೂ ಹಾಕುತ್ತೇನೆ. ನಿನೆವೆಯ ವಿಷಯದಲ್ಲಿ ದೇವರು ಮನಸ್ಸು ಬದಲಾಯಿಸಿದ ಅಂತ ಬೈಬಲೇ ಹೇಳುತ್ತದಲ್ಲ, ಮತ್ತೆ ಬದಲಾಗದವನು ಹೇಗೆ? ಒಳ್ಳೆಯ ಪ್ರಶ್ನೆ. 1 ಸಮುವೇಲ 15 ಇನ್ನೂ ಬಿಗಿ. ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪಪಡುತ್ತೇನೆ ಅಂತ 11ನೇ ವಚನದಲ್ಲಿ ದೇವರು ಹೇಳುತ್ತಾನೆ. ಪಶ್ಚಾತ್ತಾಪಪಡಲಿಕ್ಕೆ ಆತ ಮನುಷ್ಯನಲ್ಲ ಅಂತ 29ರಲ್ಲಿ ಸಮುವೇಲ ಹೇಳುತ್ತಾನೆ. ಒಂದೇ ಅಧ್ಯಾಯ. ಬರೆದವನಿಗೆ ಕಣ್ಣು ಕಾಣಲಿಲ್ಲ ಅಂತ ಅಲ್ಲ, ಎರಡನ್ನೂ ಬೇಕೆಂದೇ ಇಟ್ಟಿದ್ದಾನೆ. ಯೆರೆಮೀಯ 18ರಲ್ಲಿ ಕುಂಬಾರನ ಮನೆಯ ಮಾತು ಆದ ಮೇಲೆ ಇದು ಬಿಡಿಸಿ ಬರುತ್ತದೆ. ಒಂದು ಜನಾಂಗವನ್ನು ಕೆಡವುತ್ತೇನೆ ಅಂತ ನಾನು ಹೇಳಿದರೂ ಅವರು ಕೆಟ್ಟದ್ದನ್ನು ಬಿಟ್ಟು ತಿರುಗಿದರೆ ನಾನೂ ಶಿಕ್ಷೆಯನ್ನು ಬಿಡುತ್ತೇನೆ, ಒಳ್ಳೆಯದು ಮಾಡುತ್ತೇನೆ ಅಂತ ಹೇಳಿದ ಮೇಲೆ ಅವರು ಕೆಟ್ಟರೆ ಅದನ್ನೂ ಹಿಂತೆಗೆಯುತ್ತೇನೆ. ಅಂದರೆ ತಿರುಗಿದವರ ಕಡೆಗೆ ಆತ ಯಾವಾಗಲೂ ಒಂದೇ ರೀತಿ. ನಿನೆವೆ ತಿರುಗಿತು, ಆತ ಯಾವಾಗಿನ ಹಾಗೇ ನಡೆದುಕೊಂಡ. ಬದಲಾಗದವನು ಎಂದರೆ ಕಲ್ಲಿನ ಕಂಬದ ಹಾಗೆ ಏನೂ ತಟ್ಟದವನು ಅಂತ ಅಲ್ಲ. ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತ. ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಲಿಕ್ಕೆ ಹೋದವರು ಸಾವಿರಾರು ಪುಟ ಬರೆದಿದ್ದಾರೆ, ನನಗೆ ಇಷ್ಟು ಸಾಕು.

ಇನ್ನು ಕಷ್ಟದ ಭಾಗಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ನಿಂತು ದೇವರು ಒಳ್ಳೆಯವನು, ಬದಲಾಗದವನು ಅಂತ ಹೇಳಿ, ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಒಂದು ಮಾತು ಹೇಳದೆ ಇಳಿದುಹೋದರೆ ಅದು ಸರಿಯಲ್ಲ.

ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಬಿಟ್ಟರು. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಮುಳಿಯಾರು, ನಮ್ಮ ಬದಿಯಡ್ಕವೂ ಸೇರಿ. ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ಬಾವಿ, ತೋಡು, ಶಾಲೆ. ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದರು, ತಲೆ ಮಾತ್ರ ದೊಡ್ಡದಾದ ಮಕ್ಕಳು, ಮಾತು ಬಾರದವರು, ಅಪಸ್ಮಾರದವರು. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ಒಂದೇ ಊರಿನ ಸುತ್ತಮುತ್ತ ಇಷ್ಟು ರೋಗ ಯಾಕೆ ಅಂತ ಕೇಳಲು ಶುರು ಮಾಡಿದರು, ಪತ್ರಕರ್ತ ಶ್ರೀಪಡ್ರೆ ಬರೆದರು, ತಾಯಂದಿರು ಬೀದಿಗೆ ಬಂದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಹೇಳಿತು. ಆ ದುಡ್ಡಿಗೂ ಜನ ಮತ್ತೆ ಅಲೆಯಬೇಕಾಯಿತು.

ಶುರುವಿನಲ್ಲಿ ಇದು ಯಾವುದೋ ಶಾಪ ಅಂತ ಅಂದುಕೊಂಡವರಿದ್ದರು. ನಾವೂ ಏನು ಕಮ್ಮಿ ಇಲ್ಲ. ಮನೆಯಲ್ಲಿ ಅಂಥ ಮಗು ಹುಟ್ಟಿದರೆ ಹಿಂದಿನ ತಲೆಮಾರಿನ ಪಾಪ ಇರಬೇಕು ಅಂತ ಪಿಸುಗುಟ್ಟುವವರು ಪ್ರಾರ್ಥನಾ ಕೂಟದಲ್ಲೂ ಸಿಗುತ್ತಾರೆ. ಅದಕ್ಕೆ ಆಧಾರವಾಗಿ ವಿಮೋಚನಕಾಂಡ 34ನ್ನೇ ತೋರಿಸುತ್ತಾರೆ, ತಂದೆಗಳ ದೋಷವನ್ನು ಮೂರು ನಾಲ್ಕು ತಲೆಗಳವರೆಗೆ ವಿಚಾರಿಸುವವನು ಅಂತ ಅಲ್ಲೇ ಉಂಟಲ್ಲ ಅಂತ. ಉಂಟು. ಅದರ ಹಿಂದೆಯೇ ಸಾವಿರ ತಲೆಯ ಕೃಪೆ ಎನ್ನುವುದೂ ಉಂಟು. ಮಗ ತಂದೆಯ ಪಾಪದ ಹೊರೆ ಹೊರುವುದಿಲ್ಲ ಅಂತ ಯೆಹೆಜ್ಕೇಲ 18 ಪೂರ್ತಿ ಅಧ್ಯಾಯವೇ ಉಂಟು. ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಅಂತ ಶಿಷ್ಯರು ಕೇಳಿದಾಗ, ಇವನೂ ಅಲ್ಲ ಹೆತ್ತವರೂ ಅಲ್ಲ ಅಂತ ಯೇಸು ಬಾಯಿಬಿಟ್ಟು ಹೇಳಿದ್ದಾನೆ. ಅದಾದ ಮೇಲೂ ತಾಯಿಯ ಕಿವಿಗೆ ಶಾಪದ ಮಾತು ಹಾಕುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ, ಕ್ಷಮಿಸಿ.

ಇದು ದೇವರ ಚಿತ್ತ ಎನ್ನುವುದನ್ನೂ ನಾನು ಹೇಳಲಾರೆ. ಹೆಲಿಕಾಪ್ಟರಿನಲ್ಲಿ ವಿಷ ಬಿಡಿ ಅಂತ ತೀರ್ಮಾನ ಮಾಡಿದವರು ಮನುಷ್ಯರು. ಫೈಲಿನಲ್ಲಿ ಸಹಿ ಹಾಕಿದವರು ಮನುಷ್ಯರು. ದೂರು ಬಂದ ಮೇಲೂ ನಿಲ್ಲಿಸದವರು ಮನುಷ್ಯರು. ಆಗ ದೇವರು ಎಲ್ಲಿದ್ದ, ಯಾಕೆ ತಡೆಯಲಿಲ್ಲ? ಎಣ್ಮಕಜೆ ಕಡೆಯ ಒಬ್ಬರು ತಾಯಿ ನನ್ನಲ್ಲಿ ಇದನ್ನು ಕೇಳಿದಾಗ ನಾನು ಉತ್ತರ ಕೊಡಲಿಲ್ಲ, ಅವರ ಮಗನಿಗೆ ಗಂಜಿ ಕುಡಿಸುವ ಹೊತ್ತಾಗಿತ್ತು. ಆ ಹುಡುಗ ಪ್ರಾಯಕ್ಕೆ ಬಂದವನು, ಆದರೆ ಕುತ್ತಿಗೆ ನಿಲ್ಲುವುದಿಲ್ಲ. ಅವರು ಅವನ ತಲೆಯನ್ನು ಎಡಗೈಯ ಮೊಣಕೈ ಮೇಲೆ ಇಟ್ಟುಕೊಂಡು ಒಂದೊಂದೇ ಚಮಚ ಕೊಡುತ್ತಿದ್ದರು. ಒಳಗೆ ಇಳಿಯಿತಾ ಅಂತ ಗಂಟಲಿಗೆ ಬೆರಳು ಮುಟ್ಟಿಸಿ ನೋಡಿ, ಆಮೇಲೆ ಇನ್ನೊಂದು ಚಮಚ. ಒಂದು ಬಟ್ಟಲು ಗಂಜಿ ಮುಗಿಯುವಾಗ ಮುಕ್ಕಾಲು ಗಂಟೆಯೇ ಆಯಿತು. ಅಲ್ಲಿ ಕೂತು ನಾನೆಂತ ಪ್ರಸಂಗ ಮಾಡಲಿ?

ಆದರೆ ಅವರು ನನಗೆ ಹೇಳಿದ ಒಂದು ಮಾತು ಉಂಟು. ಅಪರಾಧಿಯನ್ನು ಸುಮ್ನೆ ಬಿಡುವುದಿಲ್ಲ ಅಂತ ಬೈಬಲಿನಲ್ಲಿ ಇರುವುದರಿಂದಲೇ ನಾನಿನ್ನೂ ಪ್ರಾರ್ಥನೆ ಮಾಡುತ್ತೇನೆ ಅಂದರು. ನಮ್ಮಂಥವರು ಓದುವಾಗ ಬೇಗ ದಾಟಿಹೋಗುವ ಆ ಅರ್ಧ ವಾಕ್ಯ ಅವರ ಹಿಡಿತಕ್ಕೆ ಸಿಕ್ಕಿತ್ತು. ದೇವರು ಬರೀ ಕನಿಕರದವನಾಗಿದ್ದು, ನಡೆದದ್ದೆಲ್ಲ ನಡೆಯಿತು ಬಿಡಿ ಅನ್ನುವವನಾಗಿದ್ದರೆ, ಆ ತಾಯಿಗೆ ಅಂಥ ದೇವರಿಂದ ಉಪಯೋಗ ಏನು? ಕಾಲ ಕಳೆದಂತೆ ಕೇಸು ಹಳೆಯದಾಗುತ್ತದೆ, ಸರಕಾರ ಬದಲಾಗುತ್ತದೆ, ಪತ್ರಿಕೆಯವರಿಗೆ ಹೊಸ ಸುದ್ದಿ ಸಿಗುತ್ತದೆ. ಮರೆಯದವನು ಒಬ್ಬನಾದರೂ ಇರಬೇಕು. ಕನಿಕರವೂ ನ್ಯಾಯವೂ ಒಂದನ್ನೊಂದು ತಿಂದುಹಾಕದೆ ಒಟ್ಟಿಗೆ ನಿಂತದ್ದನ್ನು ನಾವು ಶಿಲುಬೆಯಲ್ಲಿ ನೋಡುತ್ತೇವೆ. ಪಾಪವನ್ನು ಸಣ್ಣದು ಮಾಡಲಿಲ್ಲ, ಪಾಪಿಯನ್ನು ಕೈಬಿಡಲಿಲ್ಲ, ಬೆಲೆಯನ್ನು ತಾನೇ ಹೊತ್ತ. ದೇವರ ಮನಸ್ಸು ಎಂಥದ್ದು ಅಂತ ತಿಳಿಯಲು ಕ್ರೈಸ್ತನಾದವನು ತೋಟಕ್ಕಿಂತ, ರಿಪೋರ್ಟಿಗಿಂತ ಮೊದಲು ಅಲ್ಲಿಗೆ ಹೋಗಬೇಕು.

ಇಬ್ರಿಯ 13:8ರ ಬಗ್ಗೆ ಎರಡು ಮಾತು. ಯೇಸು ಕ್ರಿಸ್ತ ನಿನ್ನೆ ಇದ್ದ ಹಾಗೆ ಇವತ್ತೂ ಇದ್ದಾನೆ, ಮುಂದೆಯೂ ಇರುತ್ತಾನೆ. ಅದರ ಅಕ್ಕಪಕ್ಕ ಏನುಂಟು ನೋಡಿ. 5ನೇ ವಚನದಲ್ಲಿ ದುಡ್ಡಿನ ಮಾತು, ಇದ್ದದ್ದರಲ್ಲಿ ತೃಪ್ತರಾಗಿ, ನಿನ್ನನ್ನು ಕೈಬಿಡುವುದಿಲ್ಲ ಎಂದಿದ್ದಾನಲ್ಲ. 7ರಲ್ಲಿ ನಿಮಗೆ ವಾಕ್ಯ ಹೇಳಿಕೊಟ್ಟ ನಾಯಕರನ್ನು ನೆನಪು ಮಾಡಿಕೊಳ್ಳಿ ಎನ್ನುವುದು. ಆ ನಾಯಕರು ಆಗಲೇ ತೀರಿಹೋಗಿದ್ದಿರಬೇಕು. ನಾಯಕರು ಹೋಗುತ್ತಾರೆ. ನಮ್ಮ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, ಶಾಲೆ, ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆ ಎಲ್ಲ ಮಾಡಿದರು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಅವರಲ್ಲಿದ್ದ ಜರ್ಮನರನ್ನು ಕೂಡಿಹಾಕಿ ಊರಿಗೆ ಕಳಿಸಿತು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಅನ್ನ, ಕೆಲಸ, ಪಾದ್ರಿ ಎಲ್ಲ ಒಂದೇ ಕೈಯಿಂದ ಸಿಗುತ್ತಿದ್ದ ಜನರಿಗೆ ಆ ಕೈ ಒಮ್ಮೆಲೇ ಇಲ್ಲವಾಯಿತು. ಸಭೆ ಮುಚ್ಚಿಹೋಗಲಿಲ್ಲ, ನಮ್ಮವರೇ ನಡೆಸಿದರು. ಈಗ ಯಾವುದೋ ಪಾಸ್ಟರಿಗೆ ವರ್ಗವಾದರೆ ಅರ್ಧ ಸಭೆ ಬರುವುದೇ ನಿಲ್ಲಿಸುತ್ತದೆ, ಅದು ಬೇರೆ ವಿಷಯ.

ಹಾಗಾದರೆ ಸೋಮವಾರದಿಂದ ಶನಿವಾರದವರೆಗೆ ಈ ನಂಬಿಕೆ ಹೇಗಿರುತ್ತದೆ? 2020ರ ಮಾರ್ಚಿನಲ್ಲಿ ಕೊರೋನಾ ಬಂದು ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದನ್ನು ನೆನಪಿಸಿಕೊಳ್ಳಿ. ನಮಗೆ ಆಸ್ಪತ್ರೆ ಎಂದರೆ ಮಂಗಳೂರು. ಆಂಬುಲೆನ್ಸ್ ಗಡಿಯಲ್ಲಿ ನಿಂತಿತು, ಕೆಲವರು ದಾರಿಯಲ್ಲೇ ತೀರಿಕೊಂಡರು. ಅಂಥ ಹೊತ್ತಿನಲ್ಲಿ 'ಎಲ್ಲ ಒಳ್ಳೆಯದಕ್ಕೇ' ಎನ್ನುವುದು ನಂಬಿಕೆ ಅಲ್ಲ, ಬಾಯಿ ಮುಚ್ಚಿಸುವ ಉಪಾಯ. ದೇವರ ಮಕ್ಕಳು ಹಾಗೆ ಪ್ರಾರ್ಥಿಸಲಿಲ್ಲ. ದೇವರು ಕೃಪೆ ತೋರಿಸುವುದನ್ನು ಮರೆತುಬಿಟ್ಟನಾ ಅಂತ ಕೀರ್ತನೆ 77 ಕೇಳುತ್ತದೆ. ಯೆರೆಮೀಯನಂತೂ 15ನೇ ಅಧ್ಯಾಯದಲ್ಲಿ ದೇವರ ಮುಖಕ್ಕೇ ಹೇಳುತ್ತಾನೆ, ನೀನು ನನ್ನ ಪಾಲಿಗೆ ನಂಬಿಸಿ ಬತ್ತಿಹೋಗುವ ಹಳ್ಳವಾದೆಯಾ ಅಂತ. ಇದೇ ಯೆರೆಮೀಯನ 2ನೇ ಅಧ್ಯಾಯದಲ್ಲಿ ದೇವರು ತನ್ನನ್ನು ಜೀವಜಲದ ಬುಗ್ಗೆ ಎಂದು ಕರೆದುಕೊಂಡಿದ್ದ. ಬುಗ್ಗೆ ಅಂದೆಯಲ್ಲ, ಎಲ್ಲಿ ನೀರು? ಪ್ರವಾದಿ ಹಾಗೆ ಕೇಳಿದ್ದು ಆತ ಬದಲಾಗುವುದಿಲ್ಲ ಅಂತ ನಂಬಿದ್ದರಿಂದ. ಕೊಟ್ಟ ಮಾತಿಗೆ ನಿಲ್ಲದವರ ಹತ್ತಿರ ಹೋಗಿ ಯಾರು ಜಗಳ ಮಾಡುತ್ತಾರೆ ಮಾರಾಯ್ರೇ? ಸುಮ್ಮನೆ ಬಿಟ್ಟು ಬರುತ್ತೇವೆ.

ನಮ್ಮ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ನೀರಿಗಾಗಿ ಸುರಂಗ ತೋಡಿದ ಹಿರಿಯರನ್ನು ನೋಡಿದವರು ಇಲ್ಲಿದ್ದೀರಿ. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು. ಒಳಗೆ ಗಾಳಿ ಉಂಟಾ ಅಂತ ನೋಡಲಿಕ್ಕೆ ದೀಪ. ಎಷ್ಟೋ ದಿನ ಒಣ ಮುರಕಲ್ಲು ಮಾತ್ರ. ಗುಡ್ಡದೊಳಗೆ ನೀರುಂಟು ಅಂತ ನಂಬಿದವನು ಮಾತ್ರ ಮರುದಿನ ಪಿಕ್ಕಾಸು ಹಿಡಿದು ಮತ್ತೆ ಒಳಗೆ ಹೋಗುತ್ತಾನೆ. ಯೆರೆಮೀಯನ ದೂರು ಅಂಥದ್ದು, ಅಗೆಯುವುದನ್ನು ನಿಲ್ಲಿಸದವನ ದೂರು. ಈಗ ಬೋರ್‌ವೆಲ್ಲು ಬಂದು ಎಷ್ಟೋ ಸುರಂಗ ಬತ್ತಿದೆ, ಹಾಗಾಗಿ ಈ ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ, ಮುಂದೆ ಎಳೆದರೆ ಹರಿಯುತ್ತದೆ.

ಇನ್ನೊಂದು, ನಮ್ಮ ನಂಬಿಕೆಯೇ ಅಲುಗಾಡುವ ದಿನಗಳ ಬಗ್ಗೆ. ತನ್ನನ್ನು ಮೂರು ಸಲ ಗೊತ್ತಿಲ್ಲ ಅಂದ ಶಿಷ್ಯ ಪೇತ್ರನನ್ನು ಯೇಸು ಮತ್ತೆ ಭೇಟಿಯಾದದ್ದು ಕೆರೆಯ ದಡದಲ್ಲಿ, ಕೆಂಡದ ಮೇಲೆ ಮೀನು ಸುಟ್ಟು ಇಟ್ಟುಕೊಂಡು, ಬನ್ನಿ ಊಟ ಮಾಡಿ ಅಂತ. ಪೇತ್ರ ಬದಲಾಗಿದ್ದ, ಎರಡೆರಡು ಸಲ. ಕರೆದವನು ಬದಲಾಗಿರಲಿಲ್ಲ. ನಾವು ಅಪನಂಬಿಗಸ್ತರಾದರೂ ಆತ ನಂಬಿಗಸ್ತನಾಗಿರುವನು, ಯಾಕೆಂದರೆ ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆಯಲಾರ ಅಂತ ಪೌಲ ತಿಮೊಥೆಗೆ ಬರೆದ. ಪ್ರಾರ್ಥನೆ ಬಾರದ ದಿನ ಅಷ್ಟನ್ನೇ ಹೇಳಿ ಮಲಗಿ. ಅಪರಾಧ ಅಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಹಾಕುತ್ತೇನೆ.

ಹಾಗಾದರೆ ರೇಟು ಏರಲಿ, ಕೊಳೆ ಬಾರದಿರಲಿ ಅಂತ ಬೇಡಬಾರದಾ ಅಂತ ಒಬ್ಬರು ಕೇಳಿದರು. ಯಾಕೆ ಬೇಡಬಾರದು? ದಿನದ ಅನ್ನವನ್ನು ಕೇಳಲಿಕ್ಕೆ ಯೇಸುವೇ ಕಲಿಸಿದ್ದಾನೆ. ಕೇಳಿ, ಮದ್ದನ್ನೂ ಬಿಡಿ, ಕೃಷಿ ಭವನಕ್ಕೂ ಹೋಗಿ. ಆದರೆ ಸಿಕ್ಕಿದ್ದನ್ನು ನೋಡಿ ಆತ ಇವತ್ತು ನಮ್ಮ ಪರ, ನಾಳೆ ವಿರೋಧ ಅಂತ ಲೆಕ್ಕ ಬರೆಯಬೇಡಿ.

ಮಕ್ಕಳಿಗೆ ಇದನ್ನೆಲ್ಲ ಹೇಗೆ ಹೇಳುವುದು ಅಂತ ಒಬ್ಬರು ಸಂಡೇ ಸ್ಕೂಲ್ ಟೀಚರ್ ಕೇಳಿದರು. ಯೋನನನ್ನೇ ಓದಿಸಿ ಅಂದೆ. ಒಟ್ಟು 48 ವಚನ, ಸೋಮವಾರ ಶುರು ಮಾಡಿ ದಿನಕ್ಕೊಂದು ಅಧ್ಯಾಯ ಓದಿದರೆ ಗುರುವಾರಕ್ಕೆ ಮುಗಿಯುತ್ತದೆ. ಚಿತ್ರದ ಪುಸ್ತಕಗಳು ಹೆಚ್ಚಾಗಿ ಮೀನು ಯೋನನನ್ನು ದಡಕ್ಕೆ ಉಗುಳಿದಲ್ಲಿಗೇ, ಇಲ್ಲವಾದರೆ ನಿನೆವೆ ಉಪವಾಸ ಮಾಡಿದಲ್ಲಿಗೇ ಮುಗಿಸಿಬಿಡುತ್ತವೆ. ನೀವು 4ನೇ ಅಧ್ಯಾಯವನ್ನೂ ಓದಿಸಿ. ಅವನಿಗೆ ಸಿಟ್ಟು ಯಾಕೆ ಬಂತು ಅಂತ ಮಕ್ಕಳನ್ನೇ ಕೇಳಿ, ಅವರು ದೊಡ್ಡವರಿಗಿಂತ ಬೇಗ ಹೇಳುತ್ತಾರೆ.